ಅತ್ತೆ ನೆಟ್ಟ ಮೇಪಲ್, ಒಂದು ಹಿಡಿ ಬೀಜ, ಮೂರು ಗೂಟಿ

ನಾಲ್ಕು ವರ್ಷದ ಹಿಂದೆ, ಎಲೆ ಉದುರುವ ಕಾಲದಲ್ಲಿ, ಒಂದು ರಾತ್ರಿ ಜೋರು ಗಾಳಿ ಬೀಸಿತು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಮೇಪಲ್ ಮರದ ಕವಲಿನಲ್ಲಿ ಬಿರುಕು. ಎರಡು ದಪ್ಪ ಕೊಂಬೆ ಸೇರುವ ಜಾಗದಲ್ಲಿ ಶುರುವಾಗಿ, ಕಾಂಡದಲ್ಲಿ ಒಂದು ಮೊಳ ಕೆಳಗಿಳಿದಿತ್ತು. ಕಿರುಬೆರಳು ತೂರುವಷ್ಟು ಅಗಲ. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಬಿರುಕಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದರದ್ದೊಂದು ಮರಿ ಮಾಡ್ಕೊಳ್ಳೋಕೆ ಆಗತ್ತಾ ನೋಡಮ್ಮ" ಅಂದರು.

ಅದು ಅವರೇ ನೆಟ್ಟ ಮರ. ಮಗ ಒಂದನೇ ತರಗತಿಗೆ ಸೇರಿದ ವರ್ಷ ನೆಟ್ಟಿದ್ದಂತೆ. ಆಗ ಅವನ ಮೊಣಕಾಲಿನಷ್ಟು ಎತ್ತರ ಇತ್ತು. ಈಗ ಮಾಳಿಗೆಯ ಕಿಟಕಿಯವರೆಗೆ ಬಂದಿದೆ. ಮರಗಳ ಆರೈಕೆ ಗೊತ್ತಿರುವವರೊಬ್ಬರನ್ನು ಕರೆಸಿ ತೋರಿಸಿದೆವು. ಬಿರುಕಿನ ಪಕ್ಕದ ದೊಡ್ಡ ಕೊಂಬೆ ಉಳಿಯುವುದಿಲ್ಲ, ಎರಡು ಮೂರು ವರ್ಷದಲ್ಲಿ ಅದನ್ನು ತೆಗೆಸಲೇಬೇಕು, ಮಿಕ್ಕ ಭಾಗ ಎಷ್ಟು ದಿನ ನಿಲ್ಲುತ್ತದೋ ನೋಡೋಣ ಅಂದರು. ಅಂದರೆ ನಮ್ಮ ಕೈಯಲ್ಲಿ ಸ್ವಲ್ಪ ಸಮಯ ಇತ್ತು.

ನಮ್ಮದು ಜಪಾನಿ ಮೇಪಲ್. ಸಸ್ಯಶಾಸ್ತ್ರದ ಹೆಸರು ಏಸರ್ ಪಾಮೇಟಮ್. ಸ್ವೀಡನ್ನಿನ ಕಾರ್ಲ್ ಪೀಟರ್ ಥುನ್‌ಬರ್ಗ್ 1784ರಲ್ಲಿ ಕೊಟ್ಟ ಹೆಸರು. ಎಲೆ ಅಂಗೈ ತರಹ ಇದೆ ಅಂತ ಪಾಮೇಟಮ್. ಜಪಾನಿನವರು ಮೇಪಲ್‌ಗೆ ‘ಕಯೆದೆ’ ಅನ್ನುತ್ತಾರೆ. ಅದು ‘ಕಪ್ಪೆಯ ಕೈ’ ಅನ್ನುವ ಮಾತಿನಿಂದ ಬಂದದ್ದು. ನನಗೆ ಕಪ್ಪೆಯ ಕೈಯೇ ಹೆಚ್ಚು ಇಷ್ಟ. ಚಳಿ ಕಳೆದು ಮೊಗ್ಗು ಒಡೆಯುವಾಗ ಹತ್ತಿರ ಹೋಗಿ ನೋಡಿ. ಒದ್ದೆಯಾಗಿ, ಬೆರಳು ಮಡಚಿಕೊಂಡು, ನಿಜಕ್ಕೂ ಹಾಗೇ ಇರುತ್ತದೆ. ನಮ್ಮ ಮರದ ಚಿಗುರು ಕಡುಗೆಂಪು. ಬೇಸಿಗೆಯಲ್ಲಿ ಸ್ವಲ್ಪ ಹಸಿರು ಬೆರೆತು ಮಂಕಾಗುತ್ತದೆ. ಎಲೆ ಉದುರುವ ಮೊದಲು ಎರಡು ವಾರ ಮರವಿಡೀ ಕೆಂಡದ ಹಾಗೆ ಹೊಳೆಯುತ್ತದೆ.

ಮೊದಲು ನನಗೆ ಹೊಳೆದದ್ದು ಬೀಜ. ಮರದ ತುಂಬ ಬೀಜ ಇರುವಾಗ ಬೇರೇನು ಬೇಕು ಅಂದುಕೊಂಡೆ. ಆ ಚಳಿಗಾಲದ ಕೊನೆಯಲ್ಲಿ, ಕೊಂಬೆಗೆ ಇನ್ನೂ ಅಂಟಿಕೊಂಡಿದ್ದ ಒಣ ಬೀಜಗಳನ್ನು ಒಂದು ಹಿಡಿ ಬಿಡಿಸಿ ತಂದೆ. ಟ್ರೇಯಲ್ಲಿ ಮಣ್ಣು ತುಂಬಿ ನೇರವಾಗಿ ಬಿತ್ತಿದೆ. ದಿನಾ ನೀರು ಚಿಮುಕಿಸಿದೆ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ಒಂದೂ ಮೊಳೆಯಲಿಲ್ಲ. ಬೀಜವೇ ಸತ್ತಿದೆ ಅಂತ ಟ್ರೇಯನ್ನು ಶೆಡ್ಡಿನ ಹಿಂದೆ ಇಟ್ಟು ಮರೆತುಬಿಟ್ಟೆ.

ಬೀಜ ಸತ್ತಿರಲಿಲ್ಲ. ನಿದ್ದೆ ಮಾಡುತ್ತಿತ್ತು, ಅಷ್ಟೇ.

ಮೇಪಲ್ ಬೀಜ ಮರದ ಮೇಲೇ ಪೂರ್ತಿ ಒಣಗಿದರೆ ಅದರ ಸಿಪ್ಪೆ ಬಿರುಸಾಗುತ್ತದೆ. ನೀರು ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಇದು ಒಂದನೇ ಬೀಗ. ಎರಡನೇ ಬೀಗ ಒಳಗಿನ ಭ್ರೂಣದಲ್ಲೇ ಇದೆ. ಜಪಾನಿ ಮೇಪಲ್ ಬೀಜ ಬಲಿಯುವುದು ಚಳಿಗಾಲದ ಹೊಸ್ತಿಲಲ್ಲಿ. ಆಗಲೇ ಮೊಳೆತರೆ ಎಳೆ ಸಸಿ ಹಿಮಕ್ಕೆ ಸಾಯುತ್ತದೆ. ಅದಕ್ಕೇ ಒದ್ದೆಯಾಗಿ, ತಣ್ಣಗೆ, ಮೂರು ನಾಲ್ಕು ತಿಂಗಳು ಕಳೆದ ಮೇಲೇ ಅದು ಏಳುವುದು. ಇಲ್ಲಿ ಒದ್ದೆ, ತಣ್ಣಗೆ ಎರಡೂ ಬೇಕು. ಒಣ ಬೀಜವನ್ನು ಪೊಟ್ಟಣ ಕಟ್ಟಿ ಫ್ರಿಜ್‌ನಲ್ಲಿಟ್ಟರೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಬೀಜ ನೀರು ಕುಡಿದಿರಬೇಕು. ಆಗಲೇ ಅದು ಚಳಿಯನ್ನು ಎಣಿಸಲು ಶುರು ಮಾಡುವುದು.

ಇದು ಗೊತ್ತಾದ ಮೇಲೆ ಮುಂದಿನ ವರ್ಷ ಬೇಗ ಎಚ್ಚೆತ್ತುಕೊಂಡೆ. ಬೀಜದ ರೆಕ್ಕೆ ಹಸಿರು ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೇ ಬಿಡಿಸಬೇಕು. ಪೂರ್ತಿ ಒಣಗಲು ಬಿಡಬಾರದು. ಮುಟ್ಟಿದರೆ ತೊಟ್ಟಿನಿಂದ ಸಲೀಸಾಗಿ ಬರಬೇಕು, ಆದರೆ ಬೀಜದ ಉಬ್ಬಿದ ಭಾಗ ಹಿಸುಕಿದರೆ ಇನ್ನೂ ಸ್ವಲ್ಪ ಮೆತ್ತಗಿರಬೇಕು. ಅತ್ತೆ ಕೆಳಗೆ ಮಕ್ಕರಿ ಹಿಡಿದು ನಿಂತರು, ನಾನು ಏಣಿ ಹತ್ತಿದೆ. ಒಂದಿಷ್ಟು ಕೈತಪ್ಪಿ ಗಾಳಿಗೆ ಹಾರಿದವು. ಎಷ್ಟು ಚೆಂದ ತಿರುಗುತ್ತಾ ಇಳಿಯುತ್ತವೆ ಅಲ್ವಾ ಅವು! ತಿರುಗುವಾಗ ರೆಕ್ಕೆಯ ಮುಂದಿನ ಅಂಚಿನ ಮೇಲೆ ಗಾಳಿಯ ಒಂದು ಪುಟ್ಟ ಸುಳಿ ಹುಟ್ಟುತ್ತದೆ, ಅದೇ ಬೀಜವನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ ಅಂತ 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೀಟಗಳ ರೆಕ್ಕೆಯೂ ಇದೇ ಉಪಾಯದಿಂದ ಹಾರುವುದಂತೆ. ನಿಧಾನಕ್ಕೆ ಇಳಿದಷ್ಟೂ ಗಾಳಿ ಅದನ್ನು ತಾಯಿಮರದಿಂದ ದೂರ ಒಯ್ಯುತ್ತದೆ.

ಬಿಡಿಸಿದ್ದರಲ್ಲಿ ಹತ್ತು ಬೀಜವನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ನೋಡಿದೆ. ಇದನ್ನು ಎಲ್ಲರೂ ಮಾಡಬೇಕು. ಹತ್ತು ಹೋದರೆ ಹೋಗಲಿ, ಮಿಕ್ಕವುಗಳ ಭವಿಷ್ಯ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಕಂದು ಗೋಡೆ, ಒಳಗೆ ಖಾಲಿ. ಜೊಳ್ಳು. ಎರಡನೆಯದೂ ಜೊಳ್ಳು. ಮೂರನೆಯದನ್ನು ಸೀಳಿದಾಗ ಬ್ಲೇಡಿಗೆ ಸಣ್ಣ ಪ್ರತಿರೋಧ ಸಿಕ್ಕಿತು. ಒಳಗೆ ಎಳೆ ಹಸಿರು. ಮಡಚಿಟ್ಟ ರಿಬ್ಬನ್ನಿನ ಹಾಗೆ ಎರಡು ಬೀಜದೆಲೆ ಸುರುಳಿ ಸುತ್ತಿಕೊಂಡು ಮಲಗಿದ್ದವು. ಭೂತಗನ್ನಡಿ ಕೊಟ್ಟು ಅತ್ತೆಗೂ ತೋರಿಸಿದೆ. "ಅಯ್ಯೋ, ಎಲೆ ಆಗಲೇ ರೆಡಿ ಇದೆಯಲ್ಲೇ" ಅಂತ ತುಂಬ ಹೊತ್ತು ನೋಡಿದರು. ಹತ್ತರಲ್ಲಿ ಆರು ಗಟ್ಟಿ ಇದ್ದವು. ನೀರಿಗೆ ಹಾಕಿ ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು ಅಂತ ಕೆಲವರು ಆರಿಸುತ್ತಾರೆ. ಮೇಪಲ್ ವಿಷಯದಲ್ಲಿ ಅದನ್ನು ನಂಬಿ ಎಸೆಯಬೇಡಿ. ನಾನು ತೇಲಿದ್ದನ್ನೂ ಸೀಳಿ ನೋಡಿದ್ದೇನೆ. ಅವುಗಳಲ್ಲೂ ಹಸಿರು ಇತ್ತು.

ರೆಕ್ಕೆ ಮುರಿದು ತೆಗೆದೆ. ಬೆಚ್ಚಗಿನ ನೀರು ಹಾಕಿ ಒಂದು ರಾತ್ರಿ, ಒಂದು ಹಗಲು ನೆನೆಸಿದೆ. ಕೈ ತಾಳುವಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡ. ಅದು ತಾನಾಗಿಯೇ ಆರಲಿ. ಒಣಗಿದ ಬೀಜವಾದರೆ ನೀರು ಬದಲಿಸಿ ಇನ್ನೊಂದು ದಿನ ಬಿಡುವುದು ಒಳ್ಳೆಯದು. ಆಮೇಲೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಸಮ ಬೆರೆಸಿ, ಒದ್ದೆ ಮಾಡಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಹದಕ್ಕೆ ತಂದು, ಬೀಜ ಸೇರಿಸಿ, ಜಿಪ್ ಕವರಿಗೆ ಹಾಕಿದೆ. ಕವರಿನೊಳಗೆ ಸ್ವಲ್ಪ ಗಾಳಿ ಇರಲಿ. ಮೇಲೆ ತಾರೀಕು ಬರೆದು ಫ್ರಿಜ್‌ನ ಕೆಳಗಿನ ಖಾನೆಗೆ ತಳ್ಳಿದೆ. ಅಲ್ಲಿ ಸುಮಾರು 4 ಡಿಗ್ರಿ ಇರುತ್ತದೆ. ಫ್ರೀಜರ್ ಬೇಡ. ಎರಡು ವಾರಕ್ಕೊಮ್ಮೆ ತೆಗೆದು, ಬೂಷ್ಟು ಹಿಡಿದ ಬೀಜ ಕಂಡರೆ ಎತ್ತಿ ಎಸೆಯುತ್ತಿದ್ದೆ. ಬೂಷ್ಟು ಹಿಡಿಯುವುದು ಹೆಚ್ಚಾಗಿ ಜೊಳ್ಳುಗಳೇ. ಅವನ್ನು ನೋಡಿ ಇಡೀ ಕವರನ್ನು ಎಸೆದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

97ನೇ ದಿನ ಕವರು ತೆಗೆದಾಗ ಒಂದು ಬೀಜದ ತುದಿ ಬಿರಿದು ಬಿಳಿ ಬೇರು ಹೊರಗೆ ಬಂದಿತ್ತು. ಅಕ್ಕಿಕಾಳಿನ ಅರ್ಧದಷ್ಟು. ಫ್ರಿಜ್‌ನ ಕತ್ತಲಲ್ಲಿ, ಆ ತಣ್ಣಗಿನಲ್ಲಿ! ನಾನು ಅಡುಗೆಮನೆಯಿಂದಲೇ ಕೂಗಿ ಎಲ್ಲರನ್ನೂ ಕರೆದೆ. ಆ ವಾರದಲ್ಲಿ ಇನ್ನೂ ಎಂಟು ಬಂದವು. ಬಂದಬಂದ ಹಾಗೆ ಚಮಚದಿಂದ ಎತ್ತಿ ಒಂದೊಂದನ್ನೂ ಒಂದು ಸೆಂಟಿಮೀಟರ್ ಆಳಕ್ಕೆ, ಬೇರು ಕೆಳಗೆ ಮಾಡಿ, ಬೇರೆ ಬೇರೆ ಕುಂಡದಲ್ಲಿ ಇಟ್ಟೆ. 115ನೇ ದಿನಕ್ಕೆ ಉಳಿದದ್ದನ್ನೆಲ್ಲ ಟ್ರೇಗೆ ಸುರಿದೆ. ಎಲ್ಲ ಸೇರಿ 41 ಮೊಳಕೆ.

ಅದೇ ವಾರ ಶೆಡ್ಡಿನ ಹಿಂದಿನಿಂದ ಗುದ್ದಲಿ ತರಲು ಹೋದೆ. ಹಿಂದಿನ ವರ್ಷ ಮರೆತಿದ್ದ ಟ್ರೇ ಕಣ್ಣಿಗೆ ಬಿತ್ತು. ಅದರಲ್ಲಿ ಏಳು ಸಸಿ ನಿಂತಿದ್ದವು. ಮಳೆಗೆ ನೆನೆದು, ಬೇಸಿಗೆಯಲ್ಲಿ ಸಿಪ್ಪೆ ಮೆತ್ತಗಾಗಿ, ಒಂದು ಚಳಿಗಾಲವನ್ನು ಮಣ್ಣಲ್ಲೇ ಕಳೆದು ಎದ್ದಿದ್ದವು. ಆ ದಿನದಿಂದ ನಾನು ಮೇಪಲ್ ಬಿತ್ತಿದ ಯಾವ ಟ್ರೇಯನ್ನೂ ಎರಡು ವಸಂತ ಕಳೆಯದೆ ಖಾಲಿ ಮಾಡಿಲ್ಲ.

ಮೊಳೆಯುವುದು ಒಂದು, ಉಳಿಯುವುದು ಇನ್ನೊಂದು. ಮೊದಲು ಬರುವುದು ಪಟ್ಟಿಯಂಥ ಎರಡು ಬೀಜದೆಲೆ. ಮೇಪಲ್ ಅಂತ ಯಾರೂ ಗುರುತಿಸಲಾರರು. ಅದರ ನಡುವಿನಿಂದ ಹಲ್ಲುಹಲ್ಲಾದ ನಿಜವಾದ ಎಲೆ ಬರುತ್ತದೆ. ಈ ಎರಡರ ನಡುವಿನ ಹದಿನೈದು ಇಪ್ಪತ್ತು ದಿನವೇ ಅಪಾಯದ ಕಾಲ. ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಬುಡದಲ್ಲಿ ದಾರದಂತೆ ಸಣ್ಣಗಾಗಿ ಅಡ್ಡ ಬಿದ್ದಿರುತ್ತದೆ. ಬುಡ ಕೊಳೆ ರೋಗ. ಮಣ್ಣಿನ ಶಿಲೀಂಧ್ರದ ಕೆಲಸ. ಮೂರು ದಿನದಲ್ಲಿ 11 ಸಸಿ ಹೋದವು. ತಪ್ಪು ನನ್ನದೇ. ಟ್ರೇ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಗೇ ಬಿಟ್ಟಿದ್ದೆ, ಮಣ್ಣಿನ ಮೇಲ್ಮೈ ಯಾವಾಗಲೂ ಒದ್ದೆ ಇತ್ತು. ಮುಚ್ಚಳ ತೆಗೆದು, ಗಾಳಿಯಾಡುವ ಕಡೆ ಇಟ್ಟು, ಮೇಲಿನಿಂದ ನೀರು ಹಾಕುವುದನ್ನು ಬಿಟ್ಟು ಕೆಳಗಿನ ತಟ್ಟೆಯಿಂದ ಹೀರಿಕೊಳ್ಳಲು ಬಿಟ್ಟೆ. ಅಲ್ಲಿಗೆ ನಿಂತಿತು. ಈಗ ಬಿತ್ತುವ ಮಿಶ್ರಣ ಯಾವಾಗಲೂ ಹೊಸದೇ. ಹಳೇ ಕುಂಡದ ಮಣ್ಣನ್ನು ಬಳಸುವುದೇ ಇಲ್ಲ.

ಎರಡು ಜೊತೆ ನಿಜವಾದ ಎಲೆ ಬಂದ ಮೇಲೆ ಬೇರೆ ಕುಂಡಕ್ಕೆ ವರ್ಗ ಮಾಡಿದೆ. ಎತ್ತುವಾಗ ಎಲೆ ಹಿಡಿಯಬೇಕು, ಕಾಂಡ ಹಿಡಿಯಬಾರದು. ಎಲೆ ಹೋದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು. ಉದ್ದಕ್ಕೆ ಇಳಿದ ತಾಯಿಬೇರಿನ ತುದಿ ಚಿವುಟಿದರೆ ಪಕ್ಕದ ಬೇರುಗಳು ಚೆನ್ನಾಗಿ ಕವಲೊಡೆಯುತ್ತವೆ. ಮಧ್ಯಾಹ್ನದ ಬಿಸಿಲು ನೇರ ಬೀಳದ ಜಾಗ ಬೇಕು. ಎಳೆ ಎಲೆಯ ಅಂಚು ಬಹಳ ಬೇಗ ಸುಟ್ಟುಹೋಗುತ್ತದೆ. ಮೊದಲ ವರ್ಷ ಮುಗಿದಾಗ ಹೆಚ್ಚಿನವು ಒಂದು ಗೇಣು ಎತ್ತರ ಇದ್ದವು. ಚಳಿಗಾಲ ಕಳೆಯುವ ಹೊತ್ತಿಗೆ ಶೆಡ್ಡಿನವೂ ಸೇರಿ 34 ಉಳಿದಿದ್ದವು.

ಅವನ್ನೆಲ್ಲ ಒಂದು ಮೇಜಿನ ಮೇಲೆ ಸಾಲಾಗಿ ಇಟ್ಟು ಅತ್ತೆಯನ್ನು ಕರೆದೆ. ತಾಯಿಮರದಷ್ಟೇ ಕಡುಗೆಂಪು 13. ಅಪ್ಪಟ ಹಸಿರು 12. ಉಳಿದವು ಮಧ್ಯದಲ್ಲಿ, ಕೆಂಪು ತೊಟ್ಟು, ಹಸಿರು ಎಲೆ, ಕೆಂಪಂಚು, ಹೀಗೆ ಒಂದೊಂದು ಒಂದೊಂದು ಥರ. ಒಂದರ ಎಲೆ ಐದು ಬೆರಳು, ಇನ್ನೊಂದರದ್ದು ಏಳು. ಒಂದು ನೆಟ್ಟಗೆ ಏರಿದರೆ ಇನ್ನೊಂದು ಪಕ್ಕಕ್ಕೆ ವಾಲುತ್ತಿತ್ತು. ಮೇಪಲ್ ಬೀಜ ತಾಯಿಯ ನಕಲು ಕೊಡುವುದಿಲ್ಲ. ಪರಾಗ ಯಾವ ಮರದಿಂದ ಬಂತೋ ಅದರ ಗುಣವೂ ಸೇರುತ್ತದೆ. ಎಲೆ ದಾರದಂತೆ ಸೀಳಿರುವ ಜಾತಿಯ ಬೀಜ ಬಿತ್ತಿದರೂ ಬಹಳಷ್ಟು ಸಸಿಗಳಲ್ಲಿ ಮಾಮೂಲಿ ಅಂಗೈ ಎಲೆಯೇ ಬರುತ್ತದೆ. ಹೆಸರಿಟ್ಟ ತಳಿಯ ಬೀಜದಿಂದ ಬಂದ ಸಸಿಗೆ ಅದೇ ತಳಿಯ ಹೆಸರು ಹೇಳಿ ಕೊಡುವುದು ತಪ್ಪು. ಅದು ಅದರ ಮಗು, ಅದಲ್ಲ.

ಅತ್ತೆ ಒಂದೊಂದನ್ನೂ ನೋಡಿದರು. ಖುಷಿಯಾಯಿತು ಅವರಿಗೆ. ಆದರೂ ಕೊನೆಗೆ, "ಎಲ್ಲ ಚೆನ್ನಾಗಿವೆ. ಆದ್ರೆ ನಮ್ಮ ಮರ ಇದರಲ್ಲಿ ಯಾವುದು?" ಅಂದರು. ಯಾವುದೂ ಅಲ್ಲ ಅಂತ ಹೇಳಬೇಕಾಯಿತು.

ಕೊಂಬೆ ಮರದ ಮೇಲಿರುವಾಗಲೇ ಅದರಲ್ಲಿ ಬೇರು ಬರಿಸುವುದಕ್ಕೆ ಗೂಟಿ ಅನ್ನುತ್ತಾರೆ. ಆ ಮಾತಿಗೆ ಹೋಗುವ ಮೊದಲು ಬೇರೆ ಮೇಪಲ್‌ಗಳ ಬೀಜದ ಬಗ್ಗೆ ಎರಡು ಮಾತು. ಎಲ್ಲದಕ್ಕೂ ಫ್ರಿಜ್ ಬೇಕಿಲ್ಲ. ಉತ್ತರ ಅಮೆರಿಕದ ಸಿಲ್ವರ್ ಮೇಪಲ್ ಬೀಜ ವಸಂತದ ಕೊನೆಗೇ ಬಲಿತು ಬೀಳುತ್ತದೆ, ಬಿದ್ದ ಕೂಡಲೇ ಮೊಳೆಯುತ್ತದೆ. ಅದನ್ನು ಒಣಗಿಸಿ ಇಟ್ಟರೆ ಸತ್ತೇ ಹೋಗುತ್ತದೆ. ಹೆಕ್ಕಿದ ದಿನವೇ ಬಿತ್ತಬೇಕು. ರೆಡ್ ಮೇಪಲ್ ಕೂಡ ಆಗಲೇ ಬೀಳುತ್ತದೆ. ಅದರಲ್ಲಿ ಒಂದಿಷ್ಟು ಆಗಲೇ ಮೊಳೆತರೆ ಒಂದಿಷ್ಟು ಮುಂದಿನ ವರ್ಷಕ್ಕೆ ಕಾಯುತ್ತವೆ. ಸಕ್ಕರೆ ಪಾಕದ ಶುಗರ್ ಮೇಪಲ್ ಬೀಜಕ್ಕೆ ಚಳಿ ಬೇಕು. ಅದು ಚೆನ್ನಾಗಿ ಮೊಳೆಯುವುದೇ ಸುಮಾರು 1 ಡಿಗ್ರಿಯಲ್ಲಿ, ಕರಗುತ್ತಿರುವ ಹಿಮದ ಅಡಿಯಲ್ಲಿ. ಎಂಥ ಸೋಜಿಗ! ಇನ್ನು ಏಸರ್ ಗ್ರೈಸಿಯಮ್ ಅಂತ ಒಂದಿದೆ. ತೊಗಟೆ ಕಾಗದದ ಹಾಗೆ ಸುಲಿಯುವ ಮರ. ಅರ್ನೆಸ್ಟ್ ವಿಲ್ಸನ್ 1901ರಲ್ಲಿ ಚೀನಾದಿಂದ ಬ್ರಿಟನ್ನಿಗೆ ತಂದದ್ದು. ಅದರ ಬೀಜ ಬಹುಪಾಲು ಜೊಳ್ಳೇ. ಗಟ್ಟಿ ಇದ್ದದ್ದೂ ಎರಡು ಮೂರು ವರ್ಷ ಸತಾಯಿಸುತ್ತದೆ. ನಾನು ತರಿಸಿದ ಪೊಟ್ಟಣದಲ್ಲಿ 50 ಬೀಜ ಇತ್ತು. ಸೀಳಿ ನೋಡಿದ ಹತ್ತೂ ಖಾಲಿ. ಮಿಕ್ಕದ್ದನ್ನು ಬಿತ್ತಿಟ್ಟಿದ್ದೇನೆ, ಮೂರನೇ ವಸಂತಕ್ಕೆ ಕಾಯುತ್ತಿದ್ದೇನೆ.

ಅದೇ ಮರ ಬೇಕು ಅಂದರೆ ಅದರ ಕೊಂಬೆಯಿಂದಲೇ ಗಿಡ ಮಾಡಬೇಕು. ಗೆಲ್ಲು ಕತ್ತರಿಸಿ ನೆಟ್ಟು ನೋಡಿದೆ, ಹತ್ತಕ್ಕೆ ಹತ್ತೂ ಕೊಳೆತವು. ಕಸಿ ಕಟ್ಟಬಹುದು. ನಮ್ಮ ಮರವೇ ಕಸಿಯದ್ದು. ಬುಡದಿಂದ ಒಂದು ಗೇಣು ಮೇಲೆ ತೊಗಟೆಯ ಬಣ್ಣ ಬದಲಾಗುವ ಗೆರೆ ಈಗಲೂ ಕಾಣುತ್ತದೆ. ಆ ಗೆರೆಯ ಕೆಳಗಿನಿಂದ ಆಗಾಗ ಹಸಿರು ಚಿಗುರು ಬರುತ್ತದೆ. ಅದು ಕಸಿ ಕಟ್ಟಲು ಕೆಳಗೆ ಬಳಸಿದ ಬೇರುಗಿಡದ್ದು. ಮೇಲಿನ ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ಕಸಿ ನನ್ನ ಕೈಗೆ ಇನ್ನೂ ಹತ್ತಿಲ್ಲ. ಹಾಗಾಗಿ ಗೂಟಿ ಕಟ್ಟೋಣ ಅಂದುಕೊಂಡೆ. ಗೂಟಿಯಲ್ಲಿ ಕೊಂಬೆ ಮರದ ಮೇಲೇ ಇರುತ್ತದೆ. ತಾಯಿ ನೀರು ಕೊಡುತ್ತಲೇ ಇರುತ್ತಾಳೆ. ಬೇರು ಬಂದ ಮೇಲಷ್ಟೇ ಬೇರ್ಪಡಿಸುವುದು. ಹೇಗೂ ತೆಗೆಸಬೇಕಾದ ದೊಡ್ಡ ಕೊಂಬೆ ಇತ್ತಲ್ಲ, ಅದರ ಮೇಲೇ ಕಟ್ಟಿದರೆ ಮರಕ್ಕೂ ನಷ್ಟವಿಲ್ಲ.

ಗೂಟಿ ಕೆಲಸ ಮಾಡುವ ರೀತಿ ತಿಳಿದುಕೊಂಡರೆ ಕೈ ತಾನಾಗಿ ಸರಿಯಾಗಿ ಓಡುತ್ತದೆ. ಬೇರಿನ ನೀರು ಮೇಲೇರುವುದು ಕಟ್ಟಿಗೆಯ ಒಳಗೆ. ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿಯುವುದು ತೊಗಟೆಯ ಒಳಮೈಯಲ್ಲಿ. ಬೇರು ಹುಟ್ಟಿಸುವ ಆಕ್ಸಿನ್ ಅನ್ನುವ ಹಾರ್ಮೋನು ಕೂಡ ತುದಿಯಿಂದ ಬುಡದ ಕಡೆಗೇ ಇಳಿಯುತ್ತದೆ. ತೊಗಟೆಯನ್ನು ಬಳೆಯ ಹಾಗೆ ಸುತ್ತಲೂ ತೆಗೆದರೆ ನೀರು ಏರುತ್ತಲೇ ಇರುತ್ತದೆ, ಎಲೆ ಬಾಡುವುದಿಲ್ಲ. ಆದರೆ ಇಳಿಯುತ್ತಿದ್ದ ಸಕ್ಕರೆ, ಹಾರ್ಮೋನು ಎರಡೂ ಬಳೆಯ ಮೇಲಂಚಿನಲ್ಲಿ ಬಂದು ನಿಲ್ಲುತ್ತವೆ. ಅಲ್ಲಿ ತೇವ, ಕತ್ತಲೆ ಕೊಟ್ಟರೆ ಬೇರು ಬರುತ್ತದೆ. ಬೇರು ಬರುವುದು ಯಾವಾಗಲೂ ಮೇಲಿನ ಅಂಚಿನಿಂದ.

ಮೊದಲ ವರ್ಷದ ನನ್ನ ಎರಡು ಗೂಟಿಗಳು ಸೋತವು. ಕಟ್ಟಿದ ಹತ್ತು ವಾರದ ಮೇಲೆ ಬಿಚ್ಚಿದರೆ ಬೇರು ಇಲ್ಲ. ತೊಗಟೆ ತೆಗೆದ ಜಾಗದಲ್ಲಿ ಮೇಲಂಚಿನಿಂದ ಕೆಳಂಚಿಗೆ ಹೊಸ ತೊಗಟೆಯ ಸೇತುವೆ ಬೆಳೆದಿತ್ತು. ಬಳೆ ಕಿರಿದಾಗಿತ್ತು, ಒಂದು ಸೆಂಟಿಮೀಟರ್ ಅಷ್ಟೇ. ಮೇಲೆ ಜಾರುವ ಪದರವನ್ನು ಕೆರೆದಿರಲಿಲ್ಲ. ಮರ ತನ್ನ ಗಾಯವನ್ನು ತಾನು ವಾಸಿ ಮಾಡಿಕೊಂಡಿತ್ತು. ಸಕ್ಕರೆಗೆ ದಾರಿ ಸಿಕ್ಕಿದ ಮೇಲೆ ಬೇರು ಬಿಡುವ ಅಗತ್ಯವೇನು ಅದಕ್ಕೆ?

ಮರುವರ್ಷ ಮೂರು ಕಟ್ಟಿದೆ. ವಸಂತದ ಮೊದಲ ಎಲೆಗಳು ಮೆತ್ತಗಿದ್ದದ್ದು ಹೋಗಿ, ಬಲಿತು, ಬಣ್ಣ ತುಂಬಿದ ವಾರ. ಅದೇ ಸರಿಯಾದ ಸಮಯ. ಅದಕ್ಕಿಂತ ಮೊದಲು ಎಲೆ ಇನ್ನೂ ಮರದ ಉಳಿತಾಯವನ್ನು ತಿನ್ನುತ್ತಿರುತ್ತದೆ. ಬಲಿತ ಮೇಲೆ ಅದು ಗಳಿಸಿ ಕೆಳಗೆ ಕಳಿಸಲು ಶುರು ಮಾಡುತ್ತದೆ. ಹೆಬ್ಬೆರಳು ಗಾತ್ರದ, ಸುಮಾರು 2 ಸೆಂಟಿಮೀಟರ್ ದಪ್ಪದ ಮೂರು ಕೊಂಬೆ ಆರಿಸಿದೆ. ಎಲ್ಲಕ್ಕೂ ಆರೋಗ್ಯವಾದ ಎಲೆ ತುಂಬಿತ್ತು.

ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಮೇಲೊಂದು ಸುತ್ತು, 4 ಸೆಂಟಿಮೀಟರ್ ಕೆಳಗೆ ಇನ್ನೊಂದು ಸುತ್ತು, ಕಟ್ಟಿಗೆ ಮುಟ್ಟುವಷ್ಟು ಆಳಕ್ಕೆ ಕೊಯ್ದೆ. ಬಳೆಯ ಅಗಲ ಕೊಂಬೆಯ ದಪ್ಪಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಎರಡು ಸುತ್ತನ್ನು ಸೇರಿಸುವ ಒಂದು ಉದ್ದ ಗೆರೆ ಎಳೆದೆ. ಬ್ಲೇಡಿನ ತುದಿಯನ್ನು ಅದರೊಳಗೆ ತೂರಿಸಿ ಮೆಲ್ಲಗೆ ತಿರುವಿದಾಗ ತೊಗಟೆ ಚಟ್ ಅಂತ ಬಿಟ್ಟುಕೊಂಡಿತು. ಇಡೀ ಬಳೆ ಒಂದೇ ತುಂಡಾಗಿ ಕೈಗೆ ಬಂತು. ಹೊರಗೆ ಕಂದು, ಒಳಗೆ ಒದ್ದೆ, ತಿಳಿ ಹಸಿರು. ಕೆಳಗಿನ ಕಟ್ಟಿಗೆ ಕೆನೆ ಬಣ್ಣ. ಬೆರಳಿಟ್ಟರೆ ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಆ ಜಾರುವ ಪದರವೇ ಕ್ಯಾಂಬಿಯಂ. ಹೊಸ ತೊಗಟೆ ಹುಟ್ಟುವುದು ಅದರಿಂದಲೇ. ಬ್ಲೇಡಿನ ಬೆನ್ನಿನಿಂದ ಸುತ್ತಲೂ ಕೆರೆದೆ, ಬೆರಳು ಜಾರದೆ ಒರಟಾಗಿ ಹಿಡಿಯುವವರೆಗೆ. ಹಿಂದಿನ ವರ್ಷ ಬಿಟ್ಟಿದ್ದ ಕೆಲಸ ಇದು. ಮೇಲಂಚನ್ನು ಮಾತ್ರ ಮುಟ್ಟಲಿಲ್ಲ. ಅದು ಚೊಕ್ಕವಾಗಿ, ಹರಿತವಾಗಿ ಇರಬೇಕು. ಸಣ್ಣ ಬ್ರಷ್ಷಿನಿಂದ ಆ ಅಂಚಿಗಷ್ಟೇ ಐಬಿಎ (ಒಂದು ಬಗೆಯ ಆಕ್ಸಿನ್) ಇರುವ ಬೇರು ಬರಿಸುವ ಪುಡಿ ಹಚ್ಚಿದೆ.

ಸ್ಫ್ಯಾಗ್ನಮ್ ಪಾಚಿಯನ್ನು ಹಿಂದಿನ ರಾತ್ರಿಯೇ ನೆನೆಸಿದ್ದೆ. ಚೆನ್ನಾಗಿ ಹಿಂಡಿ, ಎರಡು ಮುಷ್ಟಿಯಷ್ಟು ಉಂಡೆ ಮಾಡಿ ಬಳೆಯ ಸುತ್ತ ಒತ್ತಿದೆ. ಮೇಲಂಚು ಉಂಡೆಯ ಮಧ್ಯಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಅತ್ತೆ ಉಂಡೆ ಹಿಡಿದುಕೊಂಡರು, ನಾನು ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಮೇಲೂ ಕೆಳಗೂ ಬಿಗಿಯಾಗಿ ಕಟ್ಟಿದೆ. ಒಬ್ಬರೇ ಮಾಡುವ ಕೆಲಸವಲ್ಲ ಇದು. ಅದರ ಮೇಲೆ ಕಪ್ಪು ಪ್ಲಾಸ್ಟಿಕ್, ಮೇಲೆ ಅಲ್ಯೂಮಿನಿಯಂ ಹಾಳೆ. ಬೇರಿಗೆ ಕತ್ತಲೆ ಬೇಕು, ಬಿಸಿಲಿಗೆ ಉಂಡೆ ಬೇಯಬಾರದು. ಕೊನೆಗೆ ಕೊಂಬೆಯನ್ನು ಒಂದು ಕೋಲಿಗೆ ಕಟ್ಟಿದೆ. ತೊಗಟೆ ಹೋದ ಜಾಗ ಬಲ ಕಳೆದುಕೊಂಡಿರುತ್ತದೆ, ಗಾಳಿಗೆ ಮುರಿಯಬಹುದು.

ಆಮೇಲೆ ಕಾಯುವುದು. ವಾರಕ್ಕೊಮ್ಮೆ ಉಂಡೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದೆ. ಗರಿಗರಿ ಅನ್ನಿಸಿದರೆ ಸಿರಿಂಜಿನಿಂದ ಒಂದಿಷ್ಟು ನೀರು. ಮೂರನೆಯ ಗೂಟಿಯ ಪ್ಲಾಸ್ಟಿಕನ್ನು ಯಾವುದೋ ಹಕ್ಕಿ ಕುಕ್ಕಿ ಹರಿದು ಪಾಚಿ ಎಳೆದುಕೊಂಡು ಹೋಗಿತ್ತು. ನಾವು ನಾಲ್ಕು ದಿನ ಊರಲ್ಲಿರಲಿಲ್ಲ. ಬಂದು ನೋಡುವಾಗ ಉಂಡೆ ಒಣಗಿ ಬೆಂಡಾಗಿತ್ತು. ಆಗಲೇ ಮೂಡಿದ್ದ ಬಿಳಿ ಬೇರಿನ ತುದಿಗಳು ಕಪ್ಪಾಗಿದ್ದವು. ಅದನ್ನು ನೋಡಿದಾಗ ಆದ ಸಂಕಟ ಇನ್ನೂ ನೆನಪಿದೆ. ಈಗ ಹೊರಗೆ ಬಲೆ ಸುತ್ತುತ್ತೇನೆ.

ಉಳಿದೆರಡರಲ್ಲಿ ಏಳನೇ ವಾರ ಹಾಳೆ ಸರಿಸಿದಾಗ ಪ್ಲಾಸ್ಟಿಕ್‌ನ ಒಳಮೈಗೆ ಒತ್ತಿಕೊಂಡು ಮೂರು ಬಿಳಿ ಬೇರು ಕಂಡವು. ಆಗಲೇ ಕತ್ತರಿಸಬೇಕು ಅನ್ನಿಸುತ್ತದೆ. ಕತ್ತರಿಸಬೇಡಿ. ಬಿಳಿ ಬೇರು ಗಾಜಿನ ಕಡ್ಡಿ ಇದ್ದ ಹಾಗೆ, ಮುಟ್ಟಿದರೆ ಮುರಿಯುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿ, ಕವಲೊಡೆದು, ಉಂಡೆಯನ್ನು ತಾನೇ ಹಿಡಿದು ನಿಲ್ಲಿಸುವಷ್ಟು ಆಗಬೇಕು. ನಾನು 13ನೇ ವಾರದವರೆಗೆ ಕಾದೆ. ಹಿಮ ಬೀಳುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಹೊಸ ಕುಂಡದಲ್ಲಿ ಬೇರು ಹಿಡಿಯಲು ಅಷ್ಟು ಸಮಯ ಬೇಕು.

ಕತ್ತರಿಸಿದ ದಿನ ಮೋಡ ಇತ್ತು. ಅತ್ತೆ ಕೊಂಬೆ ಹಿಡಿದರು. ಉಂಡೆಯ ಕೆಳಗೆ ಕೈಗರಗಸ ಇಟ್ಟೆ. ಎಂಟ್ಹತ್ತು ಎಳೆತಕ್ಕೆ ಕೊಂಬೆಯ ಭಾರ ಪೂರ್ತಿ ಅವರ ಕೈಗೆ ಬಂತು. ಒಂದು ಕ್ಷಣ ತಡವರಿಸಿ, ಆಮೇಲೆ ಎದೆಗೆ ಒತ್ತಿ ಹಿಡಿದುಕೊಂಡರು. ಪ್ಲಾಸ್ಟಿಕ್ ಬಿಚ್ಚಿದೆ, ಪಾಚಿ ಬಿಡಿಸಲಿಲ್ಲ. ಬೇರು ಪಾಚಿಯ ಒಳಗೆಲ್ಲ ಹೆಣೆದುಕೊಂಡಿರುತ್ತದೆ, ಬಿಡಿಸಲು ಹೋದರೆ ಅರ್ಧ ಬೇರು ಅದರ ಜೊತೆಗೇ ಹೋಗುತ್ತದೆ. ಉಂಡೆಯ ಸಮೇತ ಕುಂಡದಲ್ಲಿ ಕೂರಿಸಿ, ಸುತ್ತಲೂ ನೀರು ಬಸಿಯುವ ಹಗುರ ಮಿಶ್ರಣ ತುಂಬಿದೆ. ಗಿಡವನ್ನು ಕುಂಡಕ್ಕೇ ದಾರದಿಂದ ಬಿಗಿದೆ. ಗಾಳಿಗೆ ಗಿಡ ಅಲುಗಿದರೆ ಹೊಸ ಬೇರು ಒಳಗೇ ತುಂಡಾಗುತ್ತದೆ. ಮೂರರಲ್ಲೊಂದು ಪಾಲು ಎಲೆ ಕತ್ತರಿಸಿದೆ, ಅಷ್ಟು ಬೇರಿಗೆ ಅಷ್ಟು ಎಲೆಯನ್ನು ಸಾಕುವ ಶಕ್ತಿ ಇನ್ನೂ ಇರುವುದಿಲ್ಲ. ನೆರಳಲ್ಲಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿದೆ.

ಮೊದಲ ಚಳಿಗಾಲ ಎರಡನ್ನೂ ಶೆಡ್ಡಿನೊಳಗೆ ಇಟ್ಟಿದ್ದೆ. ತಣ್ಣಗಿರಬೇಕು, ಆದರೆ ಬೇರು ಹೆಪ್ಪುಗಟ್ಟಬಾರದು. ಎಲೆಯಿಲ್ಲದ ಕಡ್ಡಿಗೆ ನೀರೇಕೆ ಅಂತ ಬಿಟ್ಟರೆ ಕೆಟ್ಟಿತು. ಹದಿನೈದು ದಿನಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ ಸ್ವಲ್ಪ ಸ್ವಲ್ಪ ಹಾಕಿದೆ.

ವಸಂತದಲ್ಲಿ ದೊಡ್ಡ ಮರ ಮೊಗ್ಗೊಡೆದ ವಾರವೇ ಎರಡೂ ಕಡ್ಡಿಗಳು ಮೊಗ್ಗೊಡೆದವು. ಅದೇ ಕಡುಗೆಂಪು. ಅದೇ ಮಡಚಿದ ಬೆರಳು. ಅತ್ತೆ ಹಳೇ ಮರದ ಒಂದು ಎಲೆ ಕಿತ್ತು ತಂದು ಇದರ ಎಲೆಯ ಪಕ್ಕ ಹಿಡಿದು ನೋಡಿದರು. ಬೆರಳು ಎಣಿಸಿದರು. "ಇದೇ" ಅಂದರು.

ಆ ದೊಡ್ಡ ಕೊಂಬೆಯನ್ನು ಕಳೆದ ಚಳಿಗಾಲ ತೆಗೆಸಿದೆವು. ಮರ ಈಗ ಒಂದೇ ಕಡೆಗೆ ವಾಲಿಕೊಂಡಿದೆ. ಬಿರುಕಿನ ಅಂಚು ಸ್ವಲ್ಪ ಉಬ್ಬಿ ಮುಚ್ಚಿಕೊಳ್ಳುತ್ತಿದೆ, ಆದರೆ ತಟ್ಟಿದರೆ ಒಳಗೆ ಟೊಳ್ಳು ಸದ್ದು. ಗೂಟಿಯ ಗಿಡಗಳಲ್ಲಿ ಒಂದನ್ನು ಅತ್ತೆಯ ಕೋಣೆಯ ಕಿಟಕಿಯ ಎದುರು ನೆಟ್ಟಿದ್ದೇವೆ. ಇದು ಸ್ವಂತ ಬೇರಿನ ಮೇಲೆ ನಿಂತಿದೆ, ಕಸಿಯ ಗೆರೆ ಇಲ್ಲ. ಇನ್ನು ಬುಡದಲ್ಲಿ ಬಂದ ಚಿಗುರೂ ಇದರದ್ದೇ. ಇನ್ನೊಂದು ಕುಂಡದಲ್ಲೇ ಇದೆ. ಬೀಜದ ಸಸಿಗಳಲ್ಲಿ 21 ಉಳಿಸಿಕೊಂಡು ಮಿಕ್ಕದ್ದನ್ನು ಕೇಳಿದವರಿಗೆ ಕೊಟ್ಟೆ. ಅತ್ತೆ ತಮಗೆ ಅಂತ ಒಂದನ್ನು ಆರಿಸಿಟ್ಟಿದ್ದಾರೆ. ನಾನು ಕೆಂಪಿನದನ್ನೇ ತೆಗೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಆರಿಸಿದ್ದು ಕೆಂಪಂಚಿನ ಒಂದು ಹಸಿರು ಸಸಿ, ಶೆಡ್ಡಿನ ಹಿಂದೆ ತಾನಾಗಿ ಎದ್ದ ಏಳರಲ್ಲಿ ಒಂದು.

ಈ ವಾರ ಎಲೆ ಬಲಿತಿದೆ. ಉಳಿದ ಕೊಂಬೆಯಲ್ಲಿ ಇನ್ನೆರಡು ಗೂಟಿ ಕಟ್ಟಬೇಕು. ನನ್ನ ನಾದಿನಿ ಒಂದು ಕೇಳಿದ್ದಾಳೆ. ಪಾಚಿ ಬಕೆಟ್ಟಿನಲ್ಲಿ ನೆನೆಯುತ್ತಿದೆ, ಬಲೆ ಅಳತೆಗೆ ಕತ್ತರಿಸಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಅತ್ತೆ ಉಂಡೆ ಹಿಡಿಯುತ್ತಾರೆ, ನಾನು ಕಟ್ಟುತ್ತೇನೆ.